ವರ್ಷಕ್ಕೊಂದೇ ಕೊಯ್ಲು

ಬೆಂಗಳೂರಿನ ಯಾವ ಹೊಸ ಬಡಾವಣೆಗೆ ಹೋದರೂ ಈಗ ಆ ಹುಲ್ಲು ಕಣ್ಣಿಗೆ ಬೀಳುತ್ತದೆ. ಕಡುಗೆಂಪು ಎಲೆ, ಸೊಂಟದವರೆಗಿನ ಎತ್ತರ, ತುದಿಯಲ್ಲಿ ಬಾಗಿ ತೂಗುವ ಮೆತ್ತನೆಯ ತೆನೆ. ಸಿದ್ದಾಪುರದ ನರ್ಸರಿಗಳಲ್ಲಿ ‘ಫೌಂಟನ್ ಗ್ರಾಸ್’ ಎಂದರೆ ತೆಗೆದುಕೊಡುತ್ತಾರೆ. ವಂಶದಲ್ಲಿ ಅದು ನಮ್ಮ ಸಜ್ಜೆಗೂ, ಹಸುವಿಗೆ ಹಾಕುವ ನೇಪಿಯರ್‌ಗೂ ಹತ್ತಿರದ ದಾಯಾದಿ. ಸಜ್ಜೆ ಬೆಳೆಯುವ ಸೀಮೆಯವರಿಗೆ ತೆನೆ ನೋಡಿದ ಕೂಡಲೇ ಗುರುತು ಹತ್ತುತ್ತದೆ. ಇದರ ಜೊತೆಗೆ ಬಿಳಿ ಕುಂಚದ ಪಂಪಾಸ್, ಎಲೆಗೆ ಅಡ್ಡಪಟ್ಟೆ ಬಳಿದುಕೊಂಡ ಜೀಬ್ರಾ ಹುಲ್ಲು, ಮನೆಮಂದಿಗೆಲ್ಲ ಗೊತ್ತಿರುವ ಮಜ್ಜಿಗೆಹುಲ್ಲು, ಲಾವಂಚ. ಹುಲ್ಲೆಂದರೆ ಕೀಳಬೇಕಾದ ಕಳೆ ಅಥವಾ ನಡೆದಾಡುವ ಲಾನು ಎಂದುಕೊಂಡಿದ್ದ ಊರಿನಲ್ಲಿ ಹುಲ್ಲಿಗೇ ಒಂದು ಮಡಿ ಬಿಟ್ಟುಕೊಡುವ ಕಾಲ ಬಂದಿದೆ. ಒಳ್ಳೆಯದೇ. ನೀರು ಕಡಿಮೆ ಸಾಕು, ಗೊಬ್ಬರ ಕೇಳುವುದಿಲ್ಲ, ರೋಗರುಜಿನ ಅಷ್ಟಾಗಿ ಇಲ್ಲ.

ಕಷ್ಟ ಶುರುವಾಗುವುದು ಕತ್ತರಿ ಕೈಗೆ ಬಂದಾಗ. ಅಪಾರ್ಟ್‌ಮೆಂಟಿನ ಮಾಲಿ ಬೇಲಿಯ ಡುರಾಂಟವನ್ನು ಹೆಡ್ಜ್ ಕತ್ತರಿಯಿಂದ ಸಪಾಟಾಗಿ ಸವರುತ್ತಾ ಬರುತ್ತಾನೆ. ಪಕ್ಕದಲ್ಲೇ ಫೌಂಟನ್ ಗ್ರಾಸ್ ಇದೆ. ಅದೇ ಕೈಯಲ್ಲಿ ಅದಕ್ಕೂ ಒಂದು ಸುತ್ತು. ಗಾಳಿಗೆ ಬಳುಕಬೇಕಾದ ಹುಲ್ಲು ಚೆಂಡಿನ ಆಕಾರ ತಾಳಿ, ತುದಿಯೆಲ್ಲ ಕಂದು ತಿರುಗಿ, ತೆನೆ ಒಂದೂ ಇಲ್ಲದೆ ನಿಲ್ಲುತ್ತದೆ. ಹದಿನೈದು ದಿನ ಬಿಟ್ಟು ಮತ್ತೆ ಅದೇ. ತಪ್ಪು ಮಾಲಿಯದಲ್ಲ, ‘ಎಲ್ಲ ನೀಟಾಗಿರಬೇಕು’ ಎನ್ನುವ ಕಮಿಟಿಯದು. ಎರಡು ಮೂರು ವರ್ಷ ಈ ಶಿಕ್ಷೆ ಅನುಭವಿಸಿದ ಬುಡ ನಡುವಿನಿಂದ ಒಣಗುತ್ತಾ ಬರುತ್ತದೆ. ಆಮೇಲೆ ‘ಈ ಗಿಡ ನಮ್ಮ ಮಣ್ಣಿಗೆ ಆಗಿಬರುವುದಿಲ್ಲ’ ಎಂಬ ತೀರ್ಮಾನ.

ಡುರಾಂಟಕ್ಕೆ ಒಗ್ಗುವ ಕತ್ತರಿ ಹುಲ್ಲಿಗೆ ಯಾಕೆ ಒಗ್ಗುವುದಿಲ್ಲ? ಎರಡರ ಬೆಳೆಯುವ ಜಾಗವೇ ಬೇರೆ. ಪೊದೆಗಿಡ, ಮರಗಳಲ್ಲಿ ಬೆಳವಣಿಗೆಯ ಮೊನೆ ಕೊಂಬೆಯ ತುದಿಯಲ್ಲಿದೆ. ತುದಿ ಚಿವುಟಿದರೆ ಕೆಳಗಿನ ಕಣ್ಣುಗಳು ಎಚ್ಚೆತ್ತು ಪಕ್ಕಕ್ಕೆ ಕವಲೊಡೆಯುತ್ತವೆ, ಬೇಲಿ ದಟ್ಟವಾಗುತ್ತದೆ. ಹುಲ್ಲಿನ ಎಲೆ ಬೆಳೆಯುವುದು ಬುಡದಿಂದ. ಕೆಳಗೆ ಹೊಸದು ಹುಟ್ಟುತ್ತಾ ಹಳೆಯದನ್ನು ಮೇಲಕ್ಕೆ ನೂಕುತ್ತದೆ. ಹಾಗಾಗಿ ಎಲೆಯ ತುದಿಯೇ ಅದರ ಅತ್ಯಂತ ಹಳೆಯ ಭಾಗ. ಹಸು ಮೇಯ್ದ ಮೇಲೂ ಹುಲ್ಲು ಏಳುವುದು ಇದೇ ಕಾರಣಕ್ಕೆ. ಆದರೆ ಕತ್ತರಿ ತಾಕಿದ ತುದಿ ಮತ್ತೆ ಮೊನೆಗೊಳ್ಳುವುದಿಲ್ಲ, ಅಲ್ಲಿಂದ ಕವಲೂ ಬರುವುದಿಲ್ಲ. ಮೊಂಡಾಗಿ, ಕಂದು ಅಂಚು ಹೊತ್ತು, ಆ ಎಲೆ ಸಾಯುವತನಕ ಹಾಗೇ ಇರುತ್ತದೆ.

ಇನ್ನೊಂದು ವಿಷಯ ತೆಂಡೆಯದು. ಭತ್ತ, ರಾಗಿ ಬೆಳೆದವರಿಗೆ ತೆಂಡೆ ಒಡೆಯುವುದೆಂದರೆ ವಿವರಿಸಬೇಕಿಲ್ಲ. ಬಹುವಾರ್ಷಿಕ ಹುಲ್ಲಿನ ಬುಡವೆಂದರೆ ಒಂದು ಗಿಡವಲ್ಲ, ನೂರಾರು ತೆಂಡೆಗಳ ಒಕ್ಕೂಟ. ಪ್ರತಿ ತೆಂಡೆಗೂ ಸ್ವಂತ ಆಯಸ್ಸಿದೆ: ಬುಡದ ಕಣ್ಣಿನಿಂದ ಹುಟ್ಟುತ್ತದೆ, ಎಲೆ ಬಿಡುತ್ತದೆ, ತೆನೆ ಹಾಯುತ್ತದೆ, ಸಾಯುತ್ತದೆ. ಒಮ್ಮೆ ತೆನೆ ಕೊಟ್ಟ ತೆಂಡೆ ಮತ್ತೆಂದೂ ಚಿಗುರುವುದಿಲ್ಲ. ಬುಡ ಬದುಕುವುದು ಕೆಳಗಿನಿಂದ ಹೊಸ ತೆಂಡೆ ಬರುತ್ತಿರುವುದರಿಂದ ಮಾತ್ರ. ಆ ಕಣ್ಣುಗಳಿಗೆ ಬೆಳಕು ತಾಕಬೇಕು. ಹಿಂದಿನ ವರ್ಷದ ಒಣ ದಂಟು, ತರಗು ಮುಚ್ಚಿಕೊಂಡಿದ್ದರೆ ನೆರಳಿನಲ್ಲಿ ಕಣ್ಣು ಏಳುವುದು ನಿಧಾನ. ಸತ್ತ ದಂಟನ್ನು ಅರ್ಧಕ್ಕೆ ಕತ್ತರಿಸಿದರೆ ಅರ್ಧ ಸತ್ತ ದಂಟು ಉಳಿಯುತ್ತದೆ, ಅಷ್ಟೇ. ಬುಡಕ್ಕೆ ಬೆಳಕು ಬೀಳುವುದಿಲ್ಲ. ಆದ್ದರಿಂದ ಕತ್ತರಿಸುವುದಾದರೆ ಪೂರ್ತಿ ಕೆಳಗೆ, ವರ್ಷಕ್ಕೊಮ್ಮೆ. ಉಳಿದ ತಿಂಗಳುಗಳಲ್ಲಿ ಮುಟ್ಟುವುದೇ ಬೇಡ.

ನಮ್ಮ ರೈತರಿಗೆ ಇದು ಹೊಸ ವಿದ್ಯೆಯಲ್ಲ. ಕಬ್ಬೂ ಬಹುವಾರ್ಷಿಕ ಹುಲ್ಲೇ. ಮಂಡ್ಯದ ರೈತ ಕಬ್ಬು ಕಡಿದ ಮೇಲೆ ಕೂಳೆ ಬೆಳೆ ಬಿಡುವುದಾದರೆ ಉಳಿದ ಮೋಟನ್ನು ನೆಲಮಟ್ಟಕ್ಕೆ ಸವರುತ್ತಾನೆ. ಮೋಟು ಎತ್ತರ ಉಳಿದರೆ ಮೇಲಿನ ಗಿಣ್ಣಿನಿಂದ ಬರುವ ಮರಿಗೆ ಸ್ವಂತ ಬೇರಿರುವುದಿಲ್ಲ, ಸೊರಗುತ್ತದೆ. ಮಣ್ಣೊಳಗಿನ ಕಣ್ಣಿನಿಂದ ಬಂದದ್ದೇ ಗಟ್ಟಿ. ಮಲೆನಾಡಿನ ಬೇಣಗಳಲ್ಲಿ, ಎಂದರೆ ಹುಲ್ಲುಗಾವಲುಗಳಲ್ಲಿ, ಕರಡದ ಹುಲ್ಲು ಕೊಯ್ಯುವುದು ದೀಪಾವಳಿ ಕಳೆದು ಹುಲ್ಲು ಬಲಿತು ಬಣ್ಣ ತಿರುಗಿದ ಮೇಲೆ. ಅಷ್ಟು ಹೊತ್ತಿಗೆ ಬೀಜ ಉದುರಿರುತ್ತದೆ, ಎಲೆಯ ಸತ್ವ ಬುಡಕ್ಕೂ ಬೇರಿಗೂ ಇಳಿದಿರುತ್ತದೆ. ಮೇಲಿನ ಒಣಹುಲ್ಲನ್ನು ಮನುಷ್ಯ ಒಯ್ದರೂ ಬುಡಕ್ಕೆ ನಷ್ಟವಿಲ್ಲ. ಮಳೆ ಬಿದ್ದ ವಾರದಲ್ಲಿ ಬೇಣ ಮತ್ತೆ ಹಸಿರು. ಹೂದೋಟದ ಹುಲ್ಲಿಗೆ ಬೇಕಾದ ಕಾಲಜ್ಞಾನ ಪೂರ್ತಿ ಇದರಲ್ಲೇ ಇದೆ: ಸತ್ವ ಕೆಳಗಿಳಿದ ಮೇಲೆ, ಹೊಸ ತೆಂಡೆ ಮೇಲೇಳುವ ಮುನ್ನ.

ಆದರೆ ಹೂದೋಟ ಮಾಡುವವರು ಬೇಣ ನೋಡಿ ಕಲಿಯುವುದಿಲ್ಲ, ಯೂರೋಪು ಅಮೆರಿಕದ ತೋಟಗಾರಿಕೆ ಪುಸ್ತಕ, ವಿಡಿಯೊ ನೋಡುತ್ತಾರೆ. ಅಲ್ಲಿನ ಕಥೆಯನ್ನೂ ತಿಳಿದಿರುವುದು ಒಳ್ಳೆಯದು, ಯಾಕೆಂದರೆ ಈ ಹುಲ್ಲಿನ ಶೋಕಿ ಬಂದದ್ದೇ ಅಲ್ಲಿಂದ. ಜರ್ಮನಿಯ ಪಾಟ್ಸ್‌ಡಾಮ್ ಬಳಿಯ ಬೋರ್ನಿಮ್‌ನಲ್ಲಿ ನರ್ಸರಿ ಇಟ್ಟಿದ್ದ ಕಾರ್ಲ್ ಫೋರ್ಸ್ಟರ್ (1874–1970) ಹುಲ್ಲನ್ನು ಹೂಗಿಡಗಳ ಸಾಲಿಗೆ ತಂದವರಲ್ಲಿ ಮೊದಲಿಗರು. ಹುಲ್ಲು ಮತ್ತು ಜರೀಗಿಡಗಳು ತೋಟಕ್ಕೆ ಪ್ರವೇಶಿಸಿದ ಬಗ್ಗೆಯೇ 1957ರಲ್ಲಿ ಒಂದು ಪುಸ್ತಕ ಬರೆದರು. ಅವರ ಹೆಸರಿನ ಹುಲ್ಲೊಂದು ಇಂದು ಪಶ್ಚಿಮದ ತೋಟಗಳ ತುಂಬ ಇದೆ. ನಂತರ ಬಂದವರು ಡಚ್ ತೋಟಗಾರ ಪೀಟ್ ಔಡಾಲ್ಫ್. ನ್ಯೂಯಾರ್ಕಿನಲ್ಲಿ ಹಳೆಯ ಮೇಲ್ಸೇತುವೆ ರೈಲುಹಳಿಯನ್ನು ಉದ್ಯಾನ ಮಾಡಿ 2009ರಲ್ಲಿ ತೆರೆದ ಹೈ ಲೈನ್‌ನ ಗಿಡಗಳ ಯೋಜನೆ ಅವರದು. ಒಣಗಿದ ದಂಟು, ತೆನೆಗಳನ್ನು ಚಳಿಗಾಲ ಪೂರ್ತಿ ಹಾಗೇ ಬಿಡಬೇಕು, ಕಂದು ಬಣ್ಣವೂ ಒಂದು ಬಣ್ಣವೇ ಎಂಬುದು ಅವರ ಪಟ್ಟು. ಹಕ್ಕಿಗೆ ಬೀಜ, ಕೀಟಕ್ಕೆ ಆಸರೆ, ನೋಡುವವರಿಗೆ ಹಿಮ ಹೊತ್ತ ತೆನೆ. ಮಾರ್ಚ್ ಬಂದಾಗ ಹೈ ಲೈನ್‌ನ ತೋಟಗಾರರೂ ಸ್ವಯಂಸೇವಕರೂ ಸೇರಿ ಕೈಕತ್ತರಿಯಲ್ಲಿ ಎಲ್ಲವನ್ನೂ ಕೆಳಗೆ ಸವರುತ್ತಾರೆ. ವರ್ಷಕ್ಕೊಂದೇ ಕೊಯ್ಲು, ಅಲ್ಲೂ.

ಅಲ್ಲಿ ಹುಲ್ಲನ್ನು ಮಲಗಿಸುವುದು ಹಿಮ, ಎಬ್ಬಿಸುವುದು ವಸಂತದ ಬಿಸಿಲು. ನಮ್ಮಲ್ಲಿ ಮಲಗಿಸುವುದು ಒಣಹವೆ, ಎಬ್ಬಿಸುವುದು ಮಳೆ. ‘ಚಳಿಗಾಲದ ಕೊನೆಗೆ ಕತ್ತರಿಸಿ’ ಎಂಬ ಸೂಚನೆಯನ್ನು ಹಾಗೇ ನಂಬಿ ಜನವರಿಯಲ್ಲಿ ಸವರಿದರೆ, ಬೆಂಗಳೂರಿನಲ್ಲಿ ಮುಂದಿನ ಎರಡು ಮೂರು ತಿಂಗಳು ಮಳೆ ಎಂಬುದು ಅಪರೂಪ. ಬೋಳಾದ ಬುಡ ಬಿಸಿಲಲ್ಲಿ ಬೇಯುತ್ತದೆ. ಬದಲಿಗೆ ಜೂನ್ ಕಳೆದ ಮೇಲೆ ನೆನಪಾಗಿ ಕತ್ತರಿಸಿದರೆ, ಆಗಷ್ಟೇ ಎದ್ದ ತೆಂಡೆಗಳ ತಲೆ ಹಾರುತ್ತದೆ, ಬುಡದಲ್ಲಿ ಕೂಡಿಟ್ಟ ಸತ್ವ ಖರ್ಚಾಗಿರುತ್ತದೆ, ಆ ವರ್ಷದ ತೆನೆ ತಡವಾಗುತ್ತದೆ ಇಲ್ಲವೇ ಬರುವುದೇ ಇಲ್ಲ. ಕ್ಯಾಲೆಂಡರ್ ಬಿಟ್ಟು ಮಳೆ ನೋಡಬೇಕು.

ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗಿನ ಮಳೆ ಬರುತ್ತದೆ. ಮಾರ್ಚ್ ಮಧ್ಯದಿಂದ ಏಪ್ರಿಲ್ ಮೊದಲ ವಾರದೊಳಗೆ ಕೊಯ್ದರೆ ಸರಿಯಾಗಿ ಹೊಂದುತ್ತದೆ. ಯುಗಾದಿಯ ಆಸುಪಾಸು ಎಂದು ನೆನಪಿಟ್ಟುಕೊಂಡರೆ ಸುಲಭ. ಕರಾವಳಿ, ಮಲೆನಾಡಿನ ಲೆಕ್ಕ ಬೇರೆ. ಅಲ್ಲಿ ಜೂನ್ ಬಂತೆಂದರೆ ಬಿಡುವಿಲ್ಲದ ಮಳೆ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಊರುಗಳೂ ಹಲವು. ಆಗಷ್ಟೇ ಕತ್ತರಿಸಿದ ಬುಡದ ಮೇಲೆ ಆ ಪರಿ ನೀರು ನಿಂತರೆ ಕೊಳೆಯುತ್ತದೆ. ಮೇ ಮೊದಲರ್ಧದಲ್ಲೇ ಮುಗಿಸಿ, ಆರಿದ್ರಾ ಮಳೆ ಸುರಿಯುವ ಹೊತ್ತಿಗೆ ಹೊಸ ಎಲೆ ಗೇಣುದ್ದ ಬಂದಿರುವಂತೆ ನೋಡಿಕೊಳ್ಳಬೇಕು. ವಿಜಯಪುರ, ಕಲಬುರಗಿ, ರಾಯಚೂರಿನವರು ಮಾತ್ರ ಅವಸರ ಮಾಡಬಾರದು. ನಲವತ್ತು ಡಿಗ್ರಿ ಬಿಸಿಲಲ್ಲಿ ಆ ಒಣ ತರಗೇ ಬುಡಕ್ಕೆ ನೆರಳು. ಮುಂಗಾರಿನ ಮೊದಲ ಹದಮಳೆಯ ಸುಳಿವು ಸಿಕ್ಕ ಮೇಲೆ ಕುಡುಗೋಲು ಹಿಡಿದರೆ ಸಾಕು.

ಡ್ರಿಪ್ ಹಾಕಿ ವರ್ಷವಿಡೀ ನೀರುಣಿಸುವ ತೋಟದಲ್ಲಿ ಹುಲ್ಲು ಪೂರ್ತಿ ಒಣಗುವುದೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ. ಹಸಿರಿದ್ದರೂ ಒಳಗೆ ಸತ್ತ ದಂಟು ತುಂಬಿಕೊಂಡೇ ಇರುತ್ತದೆ. ಬುಡ ಬಿಡಿಸಿ ನೋಡಿದರೆ ತಿಳಿಯುತ್ತದೆ. ಅದಕ್ಕೂ ಅದೇ ಕಾಲದಲ್ಲಿ ಅದೇ ಕೊಯ್ಲು. ಕತ್ತರಿಸುವ ಮುನ್ನ ಎರಡು ಮೂರು ವಾರ ನೀರು ಕಡಿಮೆ ಮಾಡಿದರೆ ಇನ್ನೂ ಒಳ್ಳೆಯದು.

ಕೊಯ್ಯುವ ಕ್ರಮ ಹೇಳುತ್ತೇನೆ. ಮೊದಲು ಒಂದು ಕೋಲಿನಿಂದ ಬುಡವನ್ನು ನಾಲ್ಕು ಸಲ ಬಡಿಯಿರಿ. ದೊಡ್ಡ ಬುಡಗಳು ಇಲಿಗೆ ಮನೆ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ತುಂಬುತೋಳಿನ ಅಂಗಿ, ದಪ್ಪ ಕೈಗವಸು ಬೇಕೇ ಬೇಕು. ಹುಲ್ಲಿನ ಎಲೆಯಂಚಿನಲ್ಲಿ ಕಣ್ಣಿಗೆ ಕಾಣದ ಹಲ್ಲುಗಳಿವೆ, ಎಲೆಯೊಳಗೆ ಮರಳಿನಲ್ಲಿರುವ ಸಿಲಿಕಾ ಇದೆ. ಪಂಪಾಸ್ ಅಂತೂ ಬ್ಲೇಡಿನಂತೆ ಗೀರುತ್ತದೆ. ಆಮೇಲೆ ತೆಂಗಿನನಾರಿನ ಹಗ್ಗದಿಂದ ಇಡೀ ಬುಡವನ್ನು ಸೊಂಟದ ಎತ್ತರದಲ್ಲಿ ಸಿವುಡಿನ ಹಾಗೆ ಬಿಗಿಯಾಗಿ ಕಟ್ಟಿ. ಕಟ್ಟಿದ್ದರೆ ಕತ್ತರಿಸಿದ್ದೆಲ್ಲ ಒಂದೇ ಹೊರೆಯಾಗಿ ಕೈಗೆ ಬರುತ್ತದೆ. ಕಟ್ಟದಿದ್ದರೆ ಅಂಗಳ ತುಂಬ ಹಾರಿದ ತರಗನ್ನು ಸಂಜೆಯವರೆಗೆ ಗುಡಿಸಬೇಕು. ಸಣ್ಣ ಬುಡಕ್ಕೆ ಹಲ್ಲಿರುವ ಕುಡುಗೋಲೇ ಉತ್ತಮ. ಹೆಡ್ಜ್ ಕತ್ತರಿಯೂ ಆಗುತ್ತದೆ. ಸಿಲಿಕಾದಿಂದಾಗಿ ಅಲಗು ಬೇಗ ಮೊಂಡಾಗುತ್ತದೆ, ಸಾಣೆಕಲ್ಲು ಪಕ್ಕದಲ್ಲಿರಲಿ. ಮೊಂಡು ಅಲಗು ಕತ್ತರಿಸುವುದಿಲ್ಲ, ತೆಂಡೆಯನ್ನು ಬೇರುಸಮೇತ ಎಳೆದುಬಿಡುತ್ತದೆ. ಸಾಲುಸಾಲಾಗಿ ನೆಟ್ಟಿದ್ದರೆ ಹುಲ್ಲು ಹೊಡೆಯುವ ಮಷಿನ್ ತರಿಸಬಹುದು, ಆದರೆ ನೈಲಾನ್ ದಾರ ಬೇಡ, ಬ್ಲೇಡ್ ಹಾಕಿಸಿ. ದಾರ ಬುಡವನ್ನು ಜಜ್ಜುತ್ತದೆ.

ಎಷ್ಟು ಎತ್ತರಕ್ಕೆ? ಕಬ್ಬಿನ ಹಾಗೆ ನೆಲಮಟ್ಟಕ್ಕೆ ಇಳಿಯಬೇಡಿ. ಕಬ್ಬಿನ ಕಣ್ಣು ಮಣ್ಣೊಳಗಿದೆ; ಹಳೆಯ ಫೌಂಟನ್ ಗ್ರಾಸ್, ಪಂಪಾಸ್‌ಗಳ ಕಣ್ಣು ವರ್ಷ ಕಳೆದಂತೆ ನೆಲದಿಂದ ಮೇಲೆದ್ದಿರುತ್ತದೆ. ಫೌಂಟನ್ ಗ್ರಾಸ್‌ಗೆ ಅರ್ಧ ಗೇಣು, ಜೀಬ್ರಾ ಹುಲ್ಲಿಗೂ ಅಷ್ಟೇ, ಪಂಪಾಸ್‌ಗೆ ಒಂದೂವರೆ ಗೇಣು. ಮಜ್ಜಿಗೆಹುಲ್ಲಿಗೆ ಮಾತ್ರ ವರ್ಷಕ್ಕೊಂದರ ನಿಯಮ ಅನ್ವಯಿಸದು, ಯಾಕೆಂದರೆ ಅದನ್ನು ನೆಡುವುದೇ ಎಲೆಗಾಗಿ. ಎಣ್ಣೆಗಾಗಿ ಬೆಳೆಯುವವರು ನೆಲದಿಂದ 10–15 ಸೆಂಟಿಮೀಟರ್ ಬಿಟ್ಟು ಸುಮಾರು ಮೂರು ತಿಂಗಳಿಗೊಮ್ಮೆ ಕೊಯ್ಯುತ್ತಾರೆ. ಕಷಾಯಕ್ಕೆಂದು ದಿನಾ ಎಲೆಯ ತುದಿ ಕತ್ತರಿಸಿ ಒಯ್ಯುವ ಮನೆಯವರು ಅದರ ಬದಲು ಹೊರಸುತ್ತಿನ ಎರಡು ಎಲೆಗಳನ್ನು ಬುಡದವರೆಗೆ ಕೊಯ್ದರೆ ಕುಂಡವೂ ಚೆನ್ನಾಗಿ ಕಾಣುತ್ತದೆ, ಒಳಗಿನಿಂದ ಚಿಗುರೂ ಬರುತ್ತದೆ.

ಲಾವಂಚದ ವಿಷಯಕ್ಕೆ ಬಂದರೆ ಗುಂಡ್ಲುಪೇಟೆಯನ್ನು ನೆನೆಯದೆ ಆಗದು. ಮಣ್ಣಿನ ಸವಕಳಿ ತಡೆಯಲು ಲಾವಂಚದ ಬೇಲಿ ನೆಡಿ ಎಂದು ವಿಶ್ವಬ್ಯಾಂಕಿನ ತಜ್ಞರು 1980ರ ದಶಕದಲ್ಲಿ ಭಾರತದಲ್ಲಿ ಪ್ರಚಾರ ಶುರುಮಾಡಿದರು. ಗುಂಡ್ಲುಪೇಟೆಯ ಸುತ್ತಲ ಹೊಲಗಳಲ್ಲಿ ಅಷ್ಟು ಹೊತ್ತಿಗಾಗಲೇ ತಲೆಮಾರುಗಳಿಂದ ಲಾವಂಚವೇ ಗಡಿಯಾಗಿತ್ತು. ಎಳೆಯ ಎಲೆ ಕೊಯ್ದು ದನಕ್ಕೆ ಹಾಕುವುದರಿಂದ ಬೇಲಿ ತೆಂಡೆಯೊಡೆದು ಒತ್ತಾಗುತ್ತಿತ್ತು. ತಜ್ಞರ ಪುಸ್ತಕಗಳಿಗೆ ಆ ಬೇಲಿಗಳೇ ಉದಾಹರಣೆಯಾದವು. ಅಂಗಳದ ಇಳಿಜಾರಿಗೆ, ಚರಂಡಿಯ ಅಂಚಿಗೆ ಲಾವಂಚ ನೆಟ್ಟವರು ಎರಡು ಗೇಣಿನ ಎತ್ತರಕ್ಕೆ ಕತ್ತರಿಸುತ್ತಾ ಬಂದರೆ ಬುಡ ದಪ್ಪಗಾಗಿ ಮಣ್ಣು ಹಿಡಿಯುತ್ತದೆ. ಬೇರು ಮೂರು ಮೀಟರ್ ಆಳಕ್ಕೂ ಇಳಿಯುವ ಹುಲ್ಲು ಅದು. ಮೇಲಿನ ಎಲೆ ಹೋದರೆ ಹೆದರುವುದಿಲ್ಲ.

ಹೆಸರಿನಲ್ಲಿ ಹುಲ್ಲಿದ್ದ ಮಾತ್ರಕ್ಕೆ ಎಲ್ಲವನ್ನೂ ಸವರಲು ಹೋಗಬೇಡಿ. ಕುಂಡಗಳ ಅಂಚಿಗೆ ಹಾಕುವ ಮೊಂಡೋ ಗ್ರಾಸ್ ಹುಲ್ಲೇ ಅಲ್ಲ, ಶತಾವರಿಯ ಬಳಗ. ಬಹಳ ನಿಧಾನಕ್ಕೆ ಬೆಳೆಯುತ್ತದೆ. ಕತ್ತರಿಸಿದರೆ ತಿಂಗಳುಗಟ್ಟಲೆ ಮೊಂಡು ಎಲೆ ನೋಡುತ್ತಾ ಕೂರಬೇಕು. ಒಣಗಿದ ಎಲೆಗಳನ್ನಷ್ಟೇ ಕೈಯಲ್ಲಿ ಬಾಚಿ ತೆಗೆಯಿರಿ. ತಂಪು ನಾಡಿನ ಬ್ಲೂ ಫೆಸ್ಕ್ಯೂ ನಿಜವಾದ ಹುಲ್ಲೇ, ಆದರೂ ಅದಕ್ಕೂ ಬಾಚಣಿಕೆಯೇ ಸರಿ. ನಮ್ಮ ಬೇಸಿಗೆಯಲ್ಲಿ ಅದು ಹೇಗೂ ಸೊರಗುತ್ತದೆ, ದುಡ್ಡು ಕೊಟ್ಟು ತರುವ ಮೊದಲು ಯೋಚಿಸಿ. ಕೊಡೆಯಂತೆ ಎಲೆ ಹರಡುವ ಜೊಂಡಿನ ಜಾತಿಯಲ್ಲಿ ಹಳದಿಯಾದ ಕಡ್ಡಿಗಳನ್ನು ಒಂದೊಂದಾಗಿ ಬುಡಕ್ಕೆ ಕತ್ತರಿಸಬೇಕು. ಎಲ್ಲಕ್ಕಿಂತ ದೊಡ್ಡ ಹುಲ್ಲು ಬಿದಿರು. ಅದನ್ನೂ ಒಟ್ಟಿಗೆ ಸವರುವುದಿಲ್ಲ. ಮೂರು ವರ್ಷ ದಾಟಿದ ಗಳಗಳನ್ನು ಆರಿಸಿ, ನೆಲಕ್ಕೆ ಹತ್ತಿರದ ಗಿಣ್ಣಿನ ಮೇಲೆ ಕಡಿಯಬೇಕು. ಗಿಣ್ಣಿಗೆ ಅಂಟಿದಂತೆ ಕಡಿಯದೆ ಮೇಲೆ ಕೊಳವೆ ಉಳಿಸಿದರೆ ಅದರಲ್ಲಿ ಮಳೆನೀರು ನಿಂತು ಸೊಳ್ಳೆ ಮರಿಮಾಡುತ್ತದೆ.

ಕತ್ತರಿಸಿದ ಮೇಲೂ ನಡುವಿನಲ್ಲಿ ತೆಂಡೆ ಬರದೆ ಸುತ್ತ ಉಂಗುರದಂತೆ ಮಾತ್ರ ಚಿಗುರಿದರೆ ಬುಡಕ್ಕೆ ವಯಸ್ಸಾಗಿದೆ ಎಂದರ್ಥ. ಮೂರು ನಾಲ್ಕು ವರ್ಷಕ್ಕೆ ಸಾಮಾನ್ಯವಾಗಿ ಹೀಗಾಗುತ್ತದೆ. ಇದಕ್ಕೆ ಕತ್ತರಿ ಮದ್ದಲ್ಲ, ಹಾರೆ ಬೇಕು. ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಇಡೀ ಬುಡ ಎಬ್ಬಿಸಿ, ನಾಲ್ಕಾರು ಹೋಳು ಮಾಡಿ, ಹೊರಗಿನ ಎಳೆಯ ಹೋಳುಗಳನ್ನು ನೆಟ್ಟು, ನಡುವಿನ ಸತ್ತ ಗಡ್ಡೆಯನ್ನು ಎಸೆಯಿರಿ. ಮೊದಲ ಎರಡು ವಾರ ನೀರು ತಪ್ಪಬಾರದು. ನೆರೆಯವರಿಗೆ ಹಂಚಲೂ ಇದೇ ಸಮಯ. ಬೇಸಿಗೆಯ ನಡುವೆ ಹೋಳು ಮಾಡಿದರೆ ಅರ್ಧಕ್ಕರ್ಧ ಸಾಯುತ್ತವೆ.

ಮಳೆಗಾಲದಲ್ಲಿ ಕತ್ತರಿ ಬೇಡ ಎನ್ನಲು ಇನ್ನೊಂದು ಕಾರಣ ಹಕ್ಕಿಗಳು. ಗೀಜಗ ಗೂಡು ನೇಯುವುದು ಮಳೆಗಾಲದಲ್ಲೇ. ಉದ್ದ ಎಲೆಯ ಹುಲ್ಲುಗಳಿಂದ ನಾರು ಸೀಳಿ ಒಯ್ಯುತ್ತದೆ. ರಾಟವಾಳಗಳು ಹುಲ್ಲಿನ ಬೀಜ ತಿನ್ನುತ್ತವೆ, ತೆನೆಯ ಕಡ್ಡಿಗಳನ್ನು ಗೂಡಿಗೂ ಒಯ್ಯುತ್ತವೆ. ಊರಿನ ಅಂಚಿನ ಮನೆಯವರಿಗೆ ಇದು ದಿನವೂ ಕಾಣುವ ನೋಟ.

ಆದರೆ ತೆನೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಫೌಂಟನ್ ಗ್ರಾಸ್‌ನಲ್ಲಿ ಎರಡು ಬಗೆ ಸಿಗುತ್ತವೆ. ಕೆಂಪು ಎಲೆಯದು ಮಿಶ್ರತಳಿ, ಮೊಳೆಯುವ ಬೀಜ ಕಟ್ಟುವುದು ಬಹಳ ಅಪರೂಪ. ಹಸಿರೆಲೆಯದು ಹಾಗಲ್ಲ, ಗಾಳಿಗೆ ಬೀಜ ತೂರಿ ಎಲ್ಲೆಂದರಲ್ಲಿ ಹುಟ್ಟುತ್ತದೆ. ಹವಾಯಿ ದ್ವೀಪಕ್ಕೆ ಅಲಂಕಾರಕ್ಕೆಂದು ಒಯ್ದ ಈ ಹುಲ್ಲು ಲಾವಾ ಬಯಲುಗಳಿಗೆ ಹಬ್ಬಿ ಕಾಳ್ಗಿಚ್ಚಿಗೆ ಮೇವಾಯಿತು. ಐರೋಪ್ಯ ಒಕ್ಕೂಟ 2017ರಲ್ಲಿ ಇದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು; ಅಲ್ಲಿ ಈಗ ಮಾರುವಂತಿಲ್ಲ. ಪಂಪಾಸ್ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಇಂಥದೇ ಪೀಡೆ. ಕಾಡು, ಗುಡ್ಡ, ಹುಲ್ಲುಗಾವಲಿನ ಅಂಚಿನಲ್ಲಿ ಮನೆ, ರೆಸಾರ್ಟ್, ಹೋಮ್‌ಸ್ಟೇ ಮಾಡಿಕೊಂಡವರು ಹಸಿರೆಲೆಯದನ್ನು ನೆಡಲೇಬಾರದು. ಈಗಾಗಲೇ ನೆಟ್ಟಿದ್ದರೆ ಬೀಜ ಬಲಿಯುವ ಮೊದಲೇ ತೆನೆಗಳನ್ನು ಕತ್ತರಿಸಿ ಚೀಲಕ್ಕೆ ತುಂಬಬೇಕು. ವರ್ಷಕ್ಕೊಂದೇ ಎಂಬ ಮಾತಿಗೆ ನಾನು ಒಪ್ಪುವ ವಿನಾಯಿತಿ ಇದು, ಮಜ್ಜಿಗೆಹುಲ್ಲು ಮತ್ತು ಲಾವಂಚದ ನಂತರ. ಪಂಪಾಸ್ ಬುಡಕ್ಕೆ ಬೆಂಕಿಯಿಟ್ಟು ಸುಡುವ ಹಳೆಯ ಪದ್ಧತಿಯೊಂದಿದೆ. ನಮ್ಮ ಮಾರ್ಚ್ ತಿಂಗಳ ಒಣಹವೆಯಲ್ಲಿ, ಮನೆಗಳ ನಡುವೆ, ಅದರ ಯೋಚನೆಯೇ ಬೇಡ.

ಕೊಯ್ದ ಹುಲ್ಲನ್ನು ಕಸದ ಗಾಡಿಗೆ ಹಾಕಬೇಡಿ. ಬೀಜವಿಲ್ಲದ್ದನ್ನು ಗೇಣುದ್ದ ತುಂಡು ಮಾಡಿ ತೆಂಗು, ದಾಸವಾಳ, ಗುಲಾಬಿಯ ಬುಡಕ್ಕೆ ಹೊದಿಸಿದರೆ ಬೇಸಿಗೆಯ ತೇವ ಉಳಿಯುತ್ತದೆ. ಕಬ್ಬಿನ ಗದ್ದೆಯಲ್ಲಿ ರವದಿ ಹೊದಿಸುವುದೂ ಇದಕ್ಕೇ. ಸಿಲಿಕಾ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ. ಹೊದಿಕೆಗೆ ಅದೇ ಅನುಕೂಲ. ಆದರೆ ಕತ್ತರಿಸಿದ ಹುಲ್ಲಿನ ಬುಡದ ಮೇಲೆಯೇ ತಂದು ಸುರಿಯಬೇಡಿ, ಬೆಳಕಿಗಾಗಿ ತಾನೇ ಅದನ್ನು ಬೋಳಿಸಿದ್ದು? ಒಂದು ಬೊಗಸೆ ಕೊಟ್ಟಿಗೆ ಗೊಬ್ಬರ ಸುತ್ತ ಹಾಕಿ, ಮಳೆ ಬರುವತನಕ ವಾರಕ್ಕೊಮ್ಮೆ ನೀರು ಕೊಡಿ. ಯೂರಿಯಾ ಬೇಡ, ಸೊಕ್ಕಿ ಬೆಳೆದ ಹುಲ್ಲು ಗಾಳಿಗೆ ನಿಲ್ಲದೆ ಬೀಳುತ್ತದೆ.

ಕೊಯ್ದ ಮೇಲೆ ಮೂರು ನಾಲ್ಕು ವಾರ ಮಡಿ ಬೋಳಾಗಿ ಕಾಣುತ್ತದೆ. ಅಪಾರ್ಟ್‌ಮೆಂಟ್ ಕಮಿಟಿಯವರು ಅಷ್ಟನ್ನು ಸಹಿಸಿಕೊಂಡು, ಉಳಿದ ಹನ್ನೊಂದು ತಿಂಗಳು ಮಾಲಿಯನ್ನು ಆ ಮಡಿಯ ಹತ್ತಿರ ಕತ್ತರಿ ಹಿಡಿದು ಹೋಗದಂತೆ ತಡೆದರೆ ಹುಲ್ಲು ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಏನನ್ನಾದರೂ ಸವರಲೇಬೇಕು ಎನ್ನುವವರು ಡುರಾಂಟ ನೆಡಲಿ.